ಏಟು ನಮ್ಮದು, ಪದ ಅವರದು

ಯಲಹಂಕದ ಕೇರಿಯವನಿರಲಿ, ಹೆಬ್ಬಾಳದ ಕೂಲಿಯವನಿರಲಿ, ಏಟು ತಿಂದವನು ಠಾಣೆಗೆ ಹೋಗಿ ಹೇಳೋದು ಒಂದೇ ಮಾತು: 'ಹೊಡೆದ್ರು ಸ್ವಾಮಿ.' ಬರೆದುಕೊಳ್ಳುವವರ ಕೈಯಲ್ಲಿ ಆ ಮಾತು ಹೋಳಾಗುತ್ತದೆ. ರಕ್ತ ಬಂದರೆ ರಕ್ತಗಾಯ, ಬರದಿದ್ದರೆ ಮೂಗೇಟು. ನಮ್ಮ ಕಿವಿಗೆ ಅದು ಬಾಯಿಲ್ಲದ ಏಟು ಅಂತಲೇ ಕೇಳಿಸುತ್ತದೆ. ಆಮೇಲೆ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟು. ಅದರಲ್ಲಿ ಡಾಕ್ಟರು ಬರೆಯೋದು 'ಸಿಂಪಲ್' ಇಲ್ಲವೇ 'ಗ್ರೀವಿಯಸ್'. ಬರಿಗೈಲಿ ಹೊಡೆದವನಿಗೆ ಹೆಚ್ಚೆಂದರೆ ಒಂದು ವರ್ಷವೋ ಏಳು ವರ್ಷವೋ ಅನ್ನೋದು ಆ ಒಂದು ಪದದ ಮೇಲೆ ನಿಂತಿದೆ.

ಈ ಪದಗಳ ಬೇರು ಕೆದಕಬೇಕಾಗಿದೆ. ಹರ್ಟ್, ಹಾರ್ಮ್, ಡ್ಯಾಮೇಜ್, ಇಂಜುರಿ. ನಾಲ್ಕನ್ನೂ 'ಹಾನಿ, ನೋವು, ಗಾಯ' ಅಂತ ಒಂದೇ ಗಂಟು ಕಟ್ಟಿ ಉರು ಹೊಡೆದು ಪಾಸಾದವರು ನಾವು. ಹರ್ಟ್ ಹಳೆಯ ಫ್ರೆಂಚಿನಿಂದ ಬಂತು, ಮೂಲದಲ್ಲಿ ಗುದ್ದು. ಹಾರ್ಮ್ ಇಂಗ್ಲಿಷರ ಮನೆಮಾತು. ಹಿಂದೆ ಅದರಲ್ಲಿ ಅಳಲೂ ಸೇರಿತ್ತು. ಡ್ಯಾಮೇಜ್ ಲ್ಯಾಟಿನ್ನಿನ ನಷ್ಟ. ಅದರ ಬಹುವಚನ 'ಡ್ಯಾಮೇಜಸ್' ಅಂದರೆ ಕೋರ್ಟು ಕೊಡಿಸುವ ದುಡ್ಡು. ಇನ್ನು ಇಂಜುರಿ. ಲ್ಯಾಟಿನ್ನಿನಲ್ಲಿ 'ಇನ್' ಅಂದರೆ ಅಲ್ಲ, 'ಯೂಸ್' ಅಂದರೆ ನ್ಯಾಯ, ಹಕ್ಕು. ಗಾಯ ಅಂತ ನಾವು ಓದಿದ ಪದದ ಬೇರಿನಲ್ಲಿ ಇರೋದು ಅನ್ಯಾಯ!

ಮೆಕಾಲೆಯ ಆಯೋಗ 1837ರಲ್ಲಿ ದಂಡಸಂಹಿತೆಯ ಕರಡು ಮುಗಿಸಿತು. 1860ರಲ್ಲಿ ಅದು ಕಾಯ್ದೆಯಾಗಿ, 1862ರ ಜನವರಿ 1ರಂದು ಜಾರಿಗೆ ಬಂತು. ಅದರ 319ನೇ ಕಲಂ ಪ್ರಕಾರ ಹರ್ಟ್ ಅಂದರೆ ದೇಹದ ನೋವು, ರೋಗ, ನಿಶ್ಶಕ್ತಿ. ಮನಸ್ಸಿಗೆ ಅಲ್ಲಿ ಜಾಗವಿಲ್ಲ. 44ನೇ ಕಲಮಿನ ಇಂಜುರಿ ದೊಡ್ಡ ಪದ: ದೇಹ, ಮನಸ್ಸು, ಮಾನ, ಆಸ್ತಿ, ಯಾವುದಕ್ಕೇ ಆಗಲಿ ಕಾನೂನಿಗೆ ವಿರುದ್ಧವಾಗಿ ಮಾಡಿದ ಕೇಡು. ಆದರೆ 'ಕಾನೂನಿಗೆ ವಿರುದ್ಧವಾಗಿ' ಅನ್ನೋ ಆ ಮಾತನ್ನು ಗಮನಿಸಿ ಗೆಳೆಯರೇ. ಬಾವಿಗೆ ಬಿಡದಿರೋದು, ಗುಡಿಯಿಂದ ಆಚೆ ನಿಲ್ಲಿಸೋದು ಅಪರಾಧ ಅಂತ ಆ ಸಂಹಿತೆ ಎಲ್ಲೂ ಹೇಳಲಿಲ್ಲ. ನಮ್ಮ ಹಿರಿಯರು ಉಂಡ ಅವಮಾನ ಹರ್ಟಿನೊಳಗೂ ಹಿಡಿಯಲಿಲ್ಲ, ಇಂಜುರಿಯೊಳಗೂ ಹಿಡಿಯಲಿಲ್ಲ.

320ನೇ ಕಲಂ ಗ್ರೀವಿಯಸ್ ಹರ್ಟಿಗೆ ಎಂಟು ಬಗೆ ಎಣಿಸಿತು. ಹೋದ ಕಣ್ಣು, ಕಿವುಡಾದ ಕಿವಿ, ಮುರಿದ ಮೂಳೆ, ಮುರಿದ ಹಲ್ಲು ಎಲ್ಲ ಅದರಲ್ಲಿವೆ. ಎಂಟನೆಯದರಲ್ಲಿ ಒಂದು ಲೆಕ್ಕವಿದೆ: ಇಪ್ಪತ್ತು ದಿನ ತೀವ್ರ ನೋವು ಉಂಡಿರಬೇಕು, ಇಲ್ಲವೇ ಇಪ್ಪತ್ತು ದಿನ ನಿತ್ಯದ ಕೆಲಸ ಮಾಡಲಾಗದೆ ಇರಬೇಕು. ಉಳ್ಳವನು ಇಪ್ಪತ್ತು ದಿನ ಮಂಚದ ಮೇಲೆ ಮಲಗಬಲ್ಲ. ದಿನಗೂಲಿಯವನು ನಾಲ್ಕನೇ ದಿನ ಸೊಂಟಕ್ಕೆ ಟವಲು ಬಿಗಿದು ಗಾರೆ ಹೊರಲು ಹೊರಡುತ್ತಾನೆ. ಒಲೆ ಉರಿಯಬೇಕಲ್ಲ! ಅವನ ಹಸಿವೇ ಅವನ ಗಾಯಕ್ಕೆ ಎದುರುಸಾಕ್ಷಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದೆ. ಹದಿನೈದು ದಿನ ಮಲಗೋ ಯೋಗ ಕೂಲಿಯವನಿಗೆ ಎಲ್ಲಿಂದ ಬರಬೇಕು?

ಯಶವಂತಪುರ ದಾಟಿದರೆ ಪೀಣ್ಯ. ಪ್ರೆಸ್ ಮೆಷಿನ್ನಿಗೆ ಬೆರಳು ಕೊಟ್ಟವರ ಸೀಮೆ. ಅಂಥವರಿಗಾಗಿ ಬಂದ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪದವೂ ಇಂಜುರಿಯೇ. ಆದರೆ ಅಲ್ಲಿ ಅದು ಅನ್ಯಾಯದ ಅಳತೆಯಲ್ಲ, ದುಡಿಮೆಯ ನಷ್ಟದ ಅಳತೆ. ಹೆಬ್ಬೆರಳು ಪೂರ್ತಿ ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತು, ತೋರುಬೆರಳಾದರೆ 14, ಅಂತ ಪಟ್ಟಿ ಕಟ್ಟಿತು. ಏಕಲವ್ಯನಿಗೆ ಈ ಲೆಕ್ಕವೂ ಸಿಗಲಿಲ್ಲ, ನಿಜ. ಆದರೂ ಮನುಷ್ಯನ ಕೈ ಇಲ್ಲಿ ಮೆಷಿನ್ನಿನ ಬಿಡಿಭಾಗದಂತೆ ಡ್ಯಾಮೇಜ್ ಆಗುತ್ತದೆ.

ನಮ್ಮ ನೋವಿಗೆ ಪದ ಹುಟ್ಟಿದ್ದು ತಡವಾಗಿ. ಸಂವಿಧಾನದ 17ನೇ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ಕಾನೂನಿನ ಆಚೆಗೆ ಹಾಕಿತು. 1955ರ ಕಾಯ್ದೆ ಅದಕ್ಕೆ ಶಿಕ್ಷೆ ಗೊತ್ತುಮಾಡಿತು. 1989ರ ಕಾಯ್ದೆ 'ದೌರ್ಜನ್ಯ' ಅನ್ನೋ ಪದ ತಂದು ಬಿಡಿಸಿ ಬರೆಯಿತು: ತಿನ್ನಬಾರದ್ದನ್ನು ತಿನ್ನಿಸೋದು, ಮನೆ ಮುಂದೆ ಹೇಲು, ಸತ್ತ ದನ ಸುರಿಯೋದು, ಬೆತ್ತಲೆ ಮೆರವಣಿಗೆ ಮಾಡೋದು, ನಾಲ್ಕು ಜನ ಕಾಣುವ ಜಾಗದಲ್ಲಿ ಮಾನ ಕಳೆಯೋದು. ಇಲ್ಲಿ ಮೂಳೆ ಮುರಿಯಬೇಕಿಲ್ಲ, ದಿನ ಎಣಿಸಬೇಕಿಲ್ಲ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ, ಜಾತಿ ಗೊತ್ತಿದ್ದೂ ಹೊಡೆದ 'ಸಿಂಪಲ್' ಏಟನ್ನೂ ಇದೇ ಕಾಯ್ದೆಯೊಳಗೆ ತಂದಿತು.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಮ್ಮ ಕೇರಿಯ ಅರ್ಜಿಗಳನ್ನು ಬರೆಯುವ ಕೈ ನಿಮ್ಮದೇ. 'ಹೊಡೆದ್ರು' ಅಂತ ಬರೆದು ಸುಮ್ಮನಾಗಬೇಡಿ. ಯಾವ ಜಾತಿ ಹೆಸರು ಹಿಡಿದು ಬೈದರು, ಎಲ್ಲಿ, ಯಾರ ಕಣ್ಣೆದುರು, ಬರೆಯಿರಿ. ಎಷ್ಟು ದಿನ ಕೂಲಿ ಹೋಯಿತು, ನೋವಿಟ್ಟುಕೊಂಡೇ ಯಾವತ್ತು ಕೆಲಸಕ್ಕೆ ಹೋದ, ಅದನ್ನೂ ಬರೆಯಿರಿ. ಬರೆದದ್ದನ್ನು ಅವನಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.