ಕಾರಾಪುರದ ಸಾಬು, ಡೊಂಬಿವಲಿಯ ನಾನು

ಡೊಂಬಿವಲಿಯಲ್ಲಿ ಕನ್ನಡದವರಿಗೆ ಬರವಿಲ್ಲ. ಆದರೆ ನಮ್ಮ ಮೈಸೂರು ಕಡೆಯವರಿಗೆ ಬರವೇ. ಇಲ್ಲಿ ಕನ್ನಡಿಗರು ಅಂದರೆ ಮೊದಲು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು, ಬ್ಯಾಂಕಿನವರು. ಆಮೇಲೆ ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನವನು ಅಂದರೆ ಕನ್ನಡ ಸಂಘದ ಸಭೆಯಲ್ಲೂ ‘ಅದೆಲ್ಲಿ ಬಂತು ಮಾರಾಯ್ರೆ?’ ಅಂತ ಕೇಳುವವರಿದ್ದರು. 1986ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದೆ. ಎರಡು ವರ್ಷ ತಳ್ಳಿ ವಾಪಸು ಹಾಕಿಸಿಕೊಂಡರಾಯಿತು ಅಂತ ಲೆಕ್ಕ ಹಾಕಿದ್ದೆ. ಕಲ್ಯಾಣ, ಠಾಣೆ, ವಾಶಿ, ಮತ್ತೆ ಕಲ್ಯಾಣ ಅಂತ ಶಾಖೆ ಬದಲಾದವೇ ಹೊರತು ಲೆಕ್ಕ ತಾಳೆಯಾಗಲಿಲ್ಲ. ಬೇರೆಯವರ ಲೆಡ್ಜರು ಸರಿಮಾಡುವುದರಲ್ಲೇ ಸರ್ವಿಸು ಮುಗಿಯಿತು.

ನಿವೃತ್ತಿಯಾದ ಮೇಲೆ ನಮ್ಮ ಸೊಸೈಟಿಯ ಹಿರಿಯರೊಬ್ಬರು ಗೆಳೆಯರಾದರು. ಮರಾಠಿಯವರು, ರೇಲ್ವೆಯಲ್ಲಿದ್ದವರು, ಹಳೆಯ ಇಂಗ್ಲಿಷ್ ಸಿನಿಮಾಗಳ ಹುಚ್ಚು. ಒಂದು ಸಂಜೆ ‘ತುಮ್ಚಂ ಗಾವ್ ಕುಠಲಂ?’ ಅಂತ ಕೇಳಿದರು. ಮೈಸೂರು ಅಂದರೆ ದಸರಾ ಆನೆ, ಗಂಧದ ಸೋಪು, ಅಲ್ಲಿಗೆ ಮಾತು ಮುಗಿಯುತ್ತೆ ಅಂತ ಗೊತ್ತಿದ್ದರಿಂದ, ಬೇಕೆಂದೇ ‘ಕಬಿನಿ ಹತ್ತಿರ, ಕಾರಾಪುರದ ಪಕ್ಕ’ ಅಂದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ‘ಕಾರಾಪುರ್? ಸಾಬೂಚಂ ಗಾವ್!’

ನನಗೆ ನಾಚಿಕೆಯಾಯಿತು ನೋಡಿ. ಸಾಬು ಯಾರೆಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಮರೆತಿದ್ದೆ. ನಾನು ಚಿಕ್ಕವನಿದ್ದಾಗ ಸರಗೂರಿನ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅಜ್ಜಿ ಹೇಳುತ್ತಿದ್ದರು: ‘ಒಬ್ಬ ಮಾವುತನ್ ಮಗ, ಸಾಬರ ಹುಡ್ಗ, ಆನೆ ಮ್ಯಾಲೆ ಕುಂತ್ಕಂಡು ಸೀಮೆಗೇ ಹೊಂಟೋದ ಕಣ್ಲಾ. ತಿರುಗ್ ಬರ್ಲೇ ಇಲ್ಲ.’ ಆನೆ ಸಮುದ್ರ ದಾಟುತ್ತಾ ಅಜ್ಜಿ ಅಂದರೆ, ‘ನಿಂಗೇನ್ಲಾ ಗೊತ್ತು’ ಅಂತ ಗದರಿಸೋರು. ಕತೆ ಅಂದುಕೊಂಡಿದ್ದೆ. ಅದು ಚರಿತ್ರೆ ಅಂತ ಡೊಂಬಿವಲಿಯ ಒಬ್ಬ ಮರಾಠಿ ಗೆಳೆಯ ಹೇಳಬೇಕಾಯಿತು.

ಸಾಬು ಹುಟ್ಟಿದ್ದು 1924ರಲ್ಲಿ, ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಹುಡುಗ ಆರೇಳು ವರ್ಷದವನಿದ್ದಾಗಲೇ ಅಪ್ಪ ಹೋದರು, ಹುಡುಗ ಅರಮನೆಯ ಆನೆ ಲಾಯದ ಆಸರೆಗೆ ಬಿದ್ದ. ನಮ್ಮ ಸೀಮೆಯ ಮಾವುತರ ಮನೆಗಳಲ್ಲಿ ಇದೊಂದು ಪದ್ಧತಿ. ಅಪ್ಪ ಹೋದರೆ ಮಗನಿಗೆ ಆನೆ ಉಳಿಯುತ್ತೆ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನುವ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಹಿಮದ ನಾಡಿನ ಎಸ್ಕಿಮೋಗಳ ಮೇಲೆ 1922ರಲ್ಲೇ ‘ನಾನೂಕ್ ಆಫ್ ದಿ ನಾರ್ತ್’ ತೆಗೆದು ಹೆಸರಾಗಿದ್ದವನು. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ದುಡ್ಡು ಹಾಕಿದ್ದ. ಕಿಪ್ಲಿಂಗನ ಆನೆ ಹುಡುಗನ ಕತೆಯನ್ನು ಸಿನಿಮಾ ಮಾಡುವುದು ಉದ್ದೇಶ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಸಂಸ್ಥಾನದಿಂದ ಬೇಕಾದ ಸಹಾಯವೆಲ್ಲ ಸಿಕ್ಕಿತು. ಉಳಿದುಕೊಳ್ಳಲು ಚಿತ್ತರಂಜನ ಮಹಲನ್ನೇ ಕೊಟ್ಟರು, ಮುಂದೆ ಗ್ರೀನ್ ಹೋಟೆಲ್ ಆಯಿತಲ್ಲ, ಅದೇ ಕಟ್ಟಡ. ಆನೆಗಳಿಗೇನು ಕೊರತೆ? ಬೇಕಾಗಿದ್ದವನು ಒಬ್ಬ ಹುಡುಗ. ಕ್ಯಾಮೆರಾಮನ್ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಆನೆ ಲಾಯದಲ್ಲಿ ಈ ಸಾಬು ಬಿದ್ದ. ಹನ್ನೊಂದು ವರ್ಷದ ಹುಡುಗ, ಪರ್ವತದಂಥ ಆನೆಗೆ ಕೂರು ಅಂದರೆ ಕೂರುತ್ತಿತ್ತು, ಏಳು ಅಂದರೆ ಏಳುತ್ತಿತ್ತು. ಇನ್ನೇನು ಬೇಕು.

ಆ ಸಿನಿಮಾದಲ್ಲಿ ನಮ್ಮ ಕಾಕನಕೋಟೆಯ ಖೆಡ್ಡಾ ಇದೆ. ಓದುಗರಲ್ಲಿ ಚಿಕ್ಕವರಿಗೆ ಹೇಳಬೇಕು. 1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನುವ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಶುರುಮಾಡಿದ ಪದ್ಧತಿ ಅದು. ನೂರಾರು ಜನ ತಮಟೆ ಬಡಿಯುತ್ತಾ, ಬೆಂಕಿ ಹಿಡಿದು, ಕಾಡಾನೆಗಳ ಹಿಂಡನ್ನು ದಿನಗಟ್ಟಲೆ ಅಟ್ಟಿಕೊಂಡು ಬರೋದು. ಕಾಕನಕೋಟೆಯಲ್ಲಾದರೆ ಕಬಿನಿ ಹೊಳೆಗೇ ಇಳಿಸಿ ಆಚೆ ದಡಕ್ಕೆ ದಾಟಿಸಿ ದೊಡ್ಡಿಯೊಳಗೆ ಕೂಡೋದು. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಹಗ್ಗ ಹಾಕಿ ಕಟ್ಟೋದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ನಮ್ಮ ತಂದೆ ನೋಡಿ ಬಂದಿದ್ದರು. ಹೊಳೆಯಲ್ಲಿ ತಾಯಾನೆ ಮರಿಯನ್ನು ಸೊಂಡಿಲಿನಲ್ಲಿ ಎತ್ತಿ ಹಿಡಿದಿತ್ತು ಅಂತ ಹೇಳಿ, ಆ ರಾತ್ರಿ ಊಟ ಮಾಡಲಿಲ್ಲ. 1974ಕ್ಕೆ ಕಬಿನಿ ಅಣೆಕಟ್ಟು ಮುಗಿಯಿತು. ಕಾಕನಕೋಟೆಯ ಆ ಖೆಡ್ಡಾ ಜಾಗ, ನಮ್ಮ ಅಜ್ಜಿಯ ತವರೂರು, ಎಲ್ಲ ನೀರಿನಡಿಗೆ ಹೋದವು. ಬೇಸಗೆಯಲ್ಲಿ ನೀರು ಇಳಿದಾಗ ಒಣಮರಗಳು ಮೇಲೇಳುತ್ತವೆ, ರೆಸಾರ್ಟಿಗೆ ಬಂದವರು ಫೋಟೋ ತೆಗೀತಾರೆ.

ಗೆಳೆಯರ ಮನೆಯ ಟೀವಿಯಲ್ಲಿ ನಾನು ‘ಎಲಿಫೆಂಟ್ ಬಾಯ್’ ನೋಡುವಾಗ ಕತೆ ಕಡೆ ಗಮನವೇ ಇರಲಿಲ್ಲ. ಹಿಂದೆ ಕಾಣುವ ಹೊಳೆ, ಬಿದಿರ ಮೆಳೆ, ದಡ, ಅದನ್ನೇ ಹುಡುಕುತ್ತಾ ಕೂತೆ. ಮುಳುಗಿ ಹೋದ ನೆಲ ಕಪ್ಪು ಬಿಳುಪಿನಲ್ಲಿ ಒಣಗಿಕೊಂಡು ನಿಂತಿತ್ತು. ಗೆಳೆಯರು ‘ಕಾಯ್ ಝಾಲಂ?’ ಅಂದರು. ಕಣ್ಣಿಗೆ ಏನೋ ಬಿತ್ತು ಅಂದೆ.

ಸಿನಿಮಾದ ಅರ್ಧ ಮೈಸೂರಿನಲ್ಲಿ, ಅರ್ಧ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಆಯಿತು. ಅಲ್ಲಿಯ ಭಾಗ ತೆಗೆದವನು ಅಲೆಕ್ಸಾಂಡರನ ತಮ್ಮ ಜೋಲ್ಟನ್ ಕೋರ್ಡಾ. ಅದಕ್ಕಾಗಿ 1936ರಲ್ಲಿ ಸಾಬು ಹಡಗು ಹತ್ತಿದ, ಜೊತೆಗೆ ಅಣ್ಣ. 1937ರಲ್ಲಿ ಚಿತ್ರ ಬಂತು, ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಜಗತ್ತು ಅವನನ್ನು ಸಾಬು ದಸ್ತಗೀರ್ ಅಂತ ಕರೆಯಿತು. ದಸ್ತಗೀರ್ ಅನ್ನೋದು ಅಣ್ಣನ ಹೆಸರು, ಕಾಗದಪತ್ರದ ಗೊಂದಲದಲ್ಲಿ ತಮ್ಮನಿಗೆ ಅಂಟಿಕೊಂಡಿತು ಅಂತ ಹೇಳುತ್ತಾರೆ. ನಾನು ನಂಬುತ್ತೇನೆ. ಕೆ.ವೈ.ಸಿ. ಮಾಡಿಸಲು ಬಂದ ನಮ್ಮ ಕಡೆಯವರ ಫಾರಮ್ಮುಗಳಲ್ಲಿ ಊರಿನ ಹೆಸರು ಅಡ್ಡಹೆಸರಾಗಿ, ಅಪ್ಪನ ಹೆಸರು ಮಗನದಾಗಿ ಬಂದದ್ದು ಎಷ್ಟು ನೋಡಿಲ್ಲ! ಊರು ಬಿಟ್ಟವನ ಹೆಸರು ಮೊದಲು ಕೆಡೋದು ಕೌಂಟರಿನಲ್ಲೇ.

1938ರಲ್ಲಿ ‘ದಿ ಡ್ರಮ್’. ವಾಯವ್ಯ ಗಡಿಯ ಒಬ್ಬ ರಾಜಕುಮಾರ ಬ್ರಿಟಿಷರಿಗೆ ನೆರವಾಗುವ ಕತೆ, ಆ ರಾಜಕುಮಾರ ನಮ್ಮ ಸಾಬು. ಮುಂಬಯಿಯಲ್ಲಿ ಚಿತ್ರ ಬಂದಾಗ ಜನ ಥಿಯೇಟರಿನ ಮುಂದೆ ಗಲಾಟೆ ಮಾಡಿದರು, ಮದರಾಸಿನಲ್ಲೂ ವಿರೋಧ ಎದ್ದಿತು, ಕೊನೆಗೆ ಚಿತ್ರ ವಾಪಸು ತೆಗೆಯಬೇಕಾಯಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಹದಿನಾಲ್ಕರ ಆ ಹುಡುಗನಿಗೆ ಕಾಂಗ್ರೆಸ್ಸೇನು, ಸಾಮ್ರಾಜ್ಯವೇನು? ತಲೆಗೆ ರುಮಾಲು ಸುತ್ತಿ ನಿಲ್ಲು ಅಂದರು, ನಿಂತ.

1940ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನ ಶಿಖರ ಅನ್ನಬಹುದು. ಯುದ್ಧ ಶುರುವಾಗಿ ಕೋರ್ಡಾ ತನ್ನ ತಂಡವನ್ನು ಹಾಲಿವುಡ್‌ಗೆ ಎತ್ತಿಕೊಂಡು ಹೋಗಿ ಚಿತ್ರ ಮುಗಿಸಿದ. ಮೂರು ಆಸ್ಕರ್ ಬಂದವು. 1942ರಲ್ಲಿ ‘ಜಂಗಲ್ ಬುಕ್’, ಸಾಬು ಮೌಗ್ಲಿ. ಆಮೇಲೆ ಯೂನಿವರ್ಸಲ್ ಕಂಪನಿಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಬಣ್ಣ ಜಾಸ್ತಿ, ಕತೆ ಕಮ್ಮಿ. ಇವುಗಳ ಬಗ್ಗೆ ಹೆಚ್ಚು ಹೇಳೋದೇನಿಲ್ಲ.

ಹೇಳಬೇಕಾದ್ದು ಮುಂದಿನದು. ಆ ಕಾಲದಲ್ಲಿ ಭಾರತೀಯರಿಗೆ ಅಮೆರಿಕದ ಪೌರತ್ವ ಸಿಗುತ್ತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನುವವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅರ್ಹರಲ್ಲ ಅಂತ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಕಾನೂನು ಬದಲಾದದ್ದು 1946ರಲ್ಲಿ, ಅದೂ ವಲಸೆಗೆ ವರ್ಷಕ್ಕೆ ನೂರು ಜನಕ್ಕೆ. ಯುದ್ಧಕ್ಕೆ ನಿಂತವರಿಗೆ ಮಾತ್ರ ಬೇರೆ ದಾರಿಯಿತ್ತು. ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದ, ವಾಯುಪಡೆಯಲ್ಲಿ ಬಿ-24 ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಗುಂಡು ಹಾರಿಸುವ ಕೆಲಸ ಮಾಡಿದ. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಹಾರಾಟ ಮಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದ. ಆನೆಯ ಕತ್ತಿನ ಮೇಲೆ ಕೂತು ಮುಂದೆ ನೋಡಿ ಅಭ್ಯಾಸವಾದವನು, ವಿಮಾನದ ಬಾಲದಲ್ಲಿ ಕೂತು ಹಿಂದೆ ನೋಡುತ್ತಾ ಹೋಗಬೇಕಾಗಿತ್ತು.

ಯುದ್ಧದಿಂದ ಬಂದಾಗ ಹಾಲಿವುಡ್ ಬೇರೆಯಾಗಿತ್ತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ, ಹಿಮಾಲಯದ ಕಥೆಯನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲೇ ತೆಗೆದ ಆ ಚಿತ್ರದಲ್ಲಿ, ಅವನಿಗೊಂದು ಒಳ್ಳೆಯ ಪಾತ್ರ ಸಿಕ್ಕಿತು. ಅತ್ತರು ಪೂಸಿಕೊಂಡು ಬರುವ ಯುವ ರಾಜ. ಅದರಾಚೆಗೆ ಇಳಿತವೇ. ‘ಮ್ಯಾನ್ ಈಟರ್ ಆಫ್ ಕುಮಾವೋನ್’, ‘ಸಾಂಗ್ ಆಫ್ ಇಂಡಿಯಾ’, ಇಟಲಿಯಲ್ಲೊಂದು ಆನೆಯ ಚಿತ್ರ, 1952ರ ಕ್ರಿಸ್‌ಮಸ್‌ಗೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಆಟ. ಬ್ಯಾಂಕಿನವನ ಕಣ್ಣಲ್ಲಿ ನೋಡಿದರೆ, ಒಂದೇ ಸರಕು ಮಾರುವ ಅಂಗಡಿ ಅದು. ಲಂಗೋಟಿ ಹಾಕಿದ ಕಾಡಿನ ಹುಡುಗ ಅನ್ನೋದೇ ಸರಕು. ಹುಡುಗನಿಗೆ ಮೀಸೆ ಬಂದು ಮಕ್ಕಳಾದ ಮೇಲೂ ಗಿರಾಕಿಗಳು ಅದನ್ನೇ ಕೇಳಿದರು. ಸರಕು ಬದಲಾಯಿಸಲು ಯಾರೂ ಸಾಲ ಕೊಡಲಿಲ್ಲ. ತಪ್ಪು ಅವನದು ಅಂತ ನನಗನ್ನಿಸುವುದಿಲ್ಲ.

ಇಲ್ಲಿಗೆ ನಮ್ಮ ಮುಂಬಯಿ ಬರುತ್ತೆ. ಐವತ್ತರ ದಶಕದ ಮಧ್ಯದಲ್ಲಿ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ ತೆಗೆಯಲು ಹೊರಟಾಗ ಬಿರ್ಜು ಪಾತ್ರಕ್ಕೆ ಸಾಬುವನ್ನು ಆರಿಸಿದ್ದರು. ಸಾಬು ಲಾಸ್ ಏಂಜಲೀಸಿನಿಂದ ಬಂದು ಮುಂಬಯಿಯ ಹೋಟೆಲಿನಲ್ಲಿ ತಂಗಿ ಕಾದ. ಚಿತ್ರೀಕರಣ ತಡವಾಯಿತು. ಅಮೆರಿಕದ ಪ್ರಜೆ ಇಲ್ಲಿ ದುಡಿಯಲು ಪರವಾನಗಿ ಬೇಕಿತ್ತು, ಅದು ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು, 1957ರಲ್ಲಿ ಚಿತ್ರ ಬಂತು, ಮುಂದಿನದು ನಿಮಗೆಲ್ಲ ಗೊತ್ತು. ಕಾರಾಪುರದಲ್ಲಿ ಹುಟ್ಟಿದವನಿಗೆ ಭಾರತದಲ್ಲಿ ಕೆಲಸ ಮಾಡಲು ಅನುಮತಿ ಇಲ್ಲ! ಮೆಹಬೂಬ್ ಸ್ಟುಡಿಯೋ ಇರುವ ಬಾಂದ್ರಾಕ್ಕೆ ನಾನು ಎಷ್ಟು ಸಲ ಬ್ಯಾಂಕಿನ ಕೆಲಸಕ್ಕೆ ಹೋಗಿಲ್ಲ. ಈಗ ಆ ಕಡೆ ಹೋದಾಗಲೆಲ್ಲ ಹೋಟೆಲ್ ಕೋಣೆಯಲ್ಲಿ ಕೂತು ಕಾಗದಕ್ಕೆ ಕಾಯುವ ಮೂವತ್ತು ವರ್ಷದವನೊಬ್ಬ ನೆನಪಾಗುತ್ತಾನೆ.

1960ರಲ್ಲಿ ಹಾಲಿವುಡ್ ಬೀದಿಯಲ್ಲಿ ಅವನ ಹೆಸರಿನ ನಕ್ಷತ್ರ ಕೂಡಿಸಿದರು. ಅದೇ ವರ್ಷ ಅವನ ಅಣ್ಣ, ಹಡಗಿನಲ್ಲಿ ಜೊತೆಗೆ ಬಂದವನು, ಪೀಠೋಪಕರಣದ ಅಂಗಡಿಯಲ್ಲಿ ದರೋಡೆಕೋರರ ಗುಂಡಿಗೆ ಸಿಕ್ಕಿ ಸತ್ತ. ಸಾಬು ಹೋದದ್ದು 1963ರ ಡಿಸೆಂಬರ್ 2, ಹೃದಯಾಘಾತ. 39 ವರ್ಷ. ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ಅವನ ಸಾವಿನ ನಂತರ ತೆರೆಗೆ ಬಂತು. 1948ರಲ್ಲಿ ಮದುವೆಯಾಗಿದ್ದ ಮರಿಲಿನ್ ಕೂಪರ್ ಮತ್ತು ಇಬ್ಬರು ಮಕ್ಕಳು ಉಳಿದರು. ಮಗ ಪಾಲ್ ಸಂಗೀತಗಾರನಾದ. ಮಗಳು ಜಾಸ್ಮಿನ್, 2001ರಲ್ಲಿ ತೀರಿಕೊಂಡಳು, ಸಿನಿಮಾಗಳಿಗೆ ಪ್ರಾಣಿಗಳನ್ನು ಪಳಗಿಸುತ್ತಿದ್ದಳು. ಕಾರಾಪುರದ ಮಾವುತನ ಮೊಮ್ಮಗಳು! ಇದನ್ನು ಓದಿದ ದಿನ ನಾನು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಹೇಳಿದೆ. ‘ರಕ್ತ ಎಲ್ಲಿ ಹೋಗುತ್ತೆ ರೀ’ ಅಂತ ಅವಳು ಸಾರು ಕಲಕಲು ಹೋದಳು.

(ಇಷ್ಟು ಹೊತ್ತೂ ‘ಅವನು’ ಅಂತಲೇ ಬರೆದಿದ್ದೇನೆ. ನಮ್ಮಜ್ಜಿ ವಯಸ್ಸಿಗೆ ಹತ್ತಿರದವನು, ‘ಅವರು’ ಅನ್ನಬೇಕಿತ್ತು. ಆದರೆ 39ಕ್ಕೆ ಹೋದವನು 60 ದಾಟಿದವನಿಗೆ ಹುಡುಗನಾಗಿಯೇ ಕಾಣುತ್ತಾನೆ.)

ನಮ್ಮ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಹುಟ್ಟಿದ್ದು ಕಲ್ಯಾಣದಲ್ಲಿ, ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಹೋದ ವರ್ಷ ನಾವು ಹೋದಾಗ ಒಂದು ಭಾನುವಾರ ‘ಅಪ್ಪ, ಸಿಟಿಝನ್‌ಶಿಪ್‌ಗೆ ಅರ್ಜಿ ಹಾಕೋಣಾಂತಿದೀನಿ. ನೀವೇನಂತೀರಿ?’ ಅಂದ. ನಾನು ತಕ್ಷಣ ಏನೂ ಅನ್ನಲಿಲ್ಲ. ನನ್ನದೇ ಮೈಸೂರಿನ ಸೈಟು ಮೂವತ್ತು ವರ್ಷದಿಂದ ಮುಳ್ಳು ಬೆಳೆದು ಬಿದ್ದಿದೆ, ಮಾರಲೂ ಇಲ್ಲ, ಕಟ್ಟಲೂ ಇಲ್ಲ. ಅವನಿಗೆ ಯಾವ ಬಾಯಲ್ಲಿ ಹೇಳಲಿ? ‘ಲಾಸ್ ಏಂಜಲೀಸ್‌ನಲ್ಲಿ ಒಂದು ಜಾಗಕ್ಕೆ ಕರಕೊಂಡು ಹೋಗು’ ಅಂದೆ.

ಹಾಲಿವುಡ್ ಹಿಲ್ಸಿನ ಫಾರೆಸ್ಟ್ ಲಾನ್ ಸ್ಮಶಾನ. ಸ್ಮಶಾನ ಅನ್ನಲು ಮನಸ್ಸು ಬರುವುದಿಲ್ಲ, ಹುಲ್ಲಿನ ಗುಡ್ಡ. ಗೋರಿಕಲ್ಲು ಎದ್ದು ನಿಲ್ಲುವುದಿಲ್ಲ, ಹುಲ್ಲಿಗೆ ಸಮನಾಗಿ ಕೂಡಿಸಿದ ಹಲಗೆಗಳು. ಹುಡುಕಲು ಮಗ ಮೊಬೈಲು ಹಿಡಿದು ಮುಂದೆ ಮುಂದೆ ಹೋದ, ನಾನು ಮಂಡಿ ನೋವಿನಲ್ಲಿ ಹಿಂದೆ ಹಿಂದೆ. ಸಿಕ್ಕಿತು. ನಾನು ಚಪ್ಪಲಿ ಬಿಟ್ಟು ನಿಂತೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, ‘ಇವ್ರು ನಮಗೇನಾಗ್ಬೇಕು ಅಪ್ಪ?’

‘ನಮ್ಮ ತಾಲ್ಲೂಕಿನವನು’ ಅಂದೆ.

ವಾಪಸು ಬರುವಾಗ ಕಾರಿನಲ್ಲಿ ಅವನು ಕಾರಾಪುರ, ಕಬಿನಿ, ಖೆಡ್ಡಾ ಎಲ್ಲ ಕೇಳಿದ. ಅರ್ಜಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಾತ್ರಿ ಊಟ ಆದ ಮೇಲೆ ‘ಹಾಕಪ್ಪ ಅರ್ಜಿ’ ಅಂದೆ. ‘ಆದ್ರೆ ಫಾರಮ್ಮಿನಲ್ಲಿ ಹೆಸರು ನಾನೊಂದ್ ಸಲ ನೋಡಿ ಕೊಡ್ತೀನಿ.’