ಹಿತ್ತಲಿನ ಕಳೆ ಕೀಳೋ ಮುಂಚೆ ಜೇನಿನ ಲೆಕ್ಕ ನೋಡಿ

ಹೀರೆ, ಸೌತೆ, ಕುಂಬಳದ ಮಿಡಿ ಹಳದಿಯಾಗಿ ಉದುರ್ತಿದೆ ಅಂತ ಗೊಬ್ಬರದಂಗಡಿಗೆ ಬರುವವರು ಬಹಳ. ಹಣ್ಣುನೊಣ ಕುಟ್ಟಿದ ಗುರುತು ಇಲ್ಲದಿದ್ರೆ ಮೊದಲು ಅನುಮಾನ ಪಡಬೇಕಾದ್ದು ಜೇನಿನ ಕೊರತೆಯನ್ನು. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪರಾಗ ದಾಟಿಸುವವರಿಲ್ಲದೆ ಕಾಯಿ ಕಚ್ಚೋದಿಲ್ಲ.

ಹಾಳುಬಿದ್ದ ಹಿತ್ತಲು ಇಲ್ಲಿ ಉಪಯೋಗಕ್ಕೆ ಬರುತ್ತೆ. ತುಂಬೆ, ಮುಟ್ಟಿದರೆ ಮುನಿ, ತಾನಾಗೇ ಎದ್ದ ತುಳಸಿ, ಕೀಳದೆ ಹೂಬಿಟ್ಟ ಮೂಲಂಗಿ, ಕೊತ್ತಂಬರಿ ಎಲ್ಲಕ್ಕೂ ಜೇನು ಬರುತ್ತೆ.

ಹೂವಿನಷ್ಟೇ ಮುಖ್ಯ, ಗೂಡಿನ ಜಾಗ. ತುಡುವೆ ಜೇನಿಗೆ ಮರದ ಪೊಟರೆ, ಹಳೇ ಹುತ್ತ ಬೇಕು. ಕಚ್ಚದ ಮಿಸರಿ ಜೇನು (ಕೆಲವೆಡೆ ಮುಜಂಟಿ) ಮಣ್ಣಿನ ಗೋಡೆ ಬಿರುಕಲ್ಲಿ, ಕರೆಂಟ್ ಮೀಟರ್ ಡಬ್ಬಿಯಲ್ಲೂ ಸಂಸಾರ ಹೂಡುತ್ತೆ. ಕೋಲುಜೇನು ಪೊದೆಯ ಕೊಂಬೆಗೆ ಒಂದೇ ಎರಿ ಕಟ್ಟುತ್ತೆ. ಒಂಟಿಯಾಗಿ ಬಾಳುವ ಜೇನುಗಳಲ್ಲಿ ಹೆಚ್ಚಿನವು ಬರಿ ನೆಲದಲ್ಲೇ ತೂತು ಕೊರೆದು ಮೊಟ್ಟೆ ಇಡುತ್ತವೆ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದ್ರೆ ಅವು ಹೋದವು ಅಂತಲೇ.

ಹಾವಿನ ಭಯ ಸುಳ್ಳಲ್ಲ. ಮನೆ ಸುತ್ತ, ಬಚ್ಚಲಿನ ದಾರಿ ಸವರಿ, ಹಿಂದಿನ ಮೂಲೆ ಬಿಡಿ. ಪಾರ್ಥೇನಿಯಂ ಮಾತ್ರ ಹೂವಾಗೋ ಮುಂಚೆ ಕಿತ್ತುಬಿಡಿ, ಅದಕ್ಕೆ ದಯೆ ಬೇಡ. ಹೆಜ್ಜೇನು ಕಟ್ಟಿದ್ರೆ ಹೊಗೆ, ಕಲ್ಲಿನ ಸಾಹಸ ಬೇಡ.

ಕಳೆನಾಶಕ ಹೊಡೆದ್ರೆ ಹೂವೇ ಇರೋದಿಲ್ಲ. ಕೀಟನಾಶಕ ಅನಿವಾರ್ಯ ಅಂದ್ರೆ ಸಂಜೆ, ಜೇನು ಗೂಡು ಸೇರಿದ ಮೇಲೆ ಹೊಡೀರಿ. ಕುಂಬಳದ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತೆ, ಅಷ್ಟು ಹೊತ್ತು ಪಂಪು ಮುಟ್ಟಬೇಡಿ.