ಮಾಜಿ ಸೈನಿಕರ ಉದ್ಯೋಗರಕ್ಷಣೆ (ಅಮೆರಿಕ ಸಂಯುಕ್ತ ಸಂಸ್ಥಾನಗಳು)

ಸೈನ್ಯದಿಂದ ಗೌರವಪೂರ್ವಕವಾಗಿ ಬಿಡುಗಡೆ ಹೊಂದಿ ಸಂಯುಕ್ತ ಸರ್ಕಾರದ ನಾಗರಿಕ ಸೇವೆಯನ್ನು ಸೇರಿದವರಿಗೆ, ಅಲ್ಲಿ ಅವರ ಸ್ಥಾನವು ನಿಷ್ಕಾರಣವಾಗಿ ಕದಲದಂತೆ ಶಾಸನವು ಒದಗಿಸಿರುವ ಭದ್ರತೆ. ನೇಮಕಾತಿಯ ಪರೀಕ್ಷೆಯಲ್ಲಿ ಅವರಿಗೆ ದೊರೆಯುವ ಐದು ಅಥವಾ ಹತ್ತು ಹೆಚ್ಚುವರಿ ಅಂಕಗಳ ವಿಷಯ ಲೋಕವಿದಿತ. ಅದನ್ನು ಕುರಿತ ವಾದವಿವಾದಗಳಿಗೂ ಕೊನೆಯಿಲ್ಲ. ಆದರೆ ಆಡಳಿತದ ಚರಿತ್ರೆಯಲ್ಲಿ ಹೆಚ್ಚಿನ ಪರಿಣಾಮವನ್ನುಂಟುಮಾಡಿದುವು, ದೊರೆತ ಕೆಲಸವನ್ನು ಉಳಿಸಿಕೊಡುವ ನಿಯಮಗಳೇ ಎನ್ನಬೇಕು.

ಅಂತರ್ಯುದ್ಧವು ಮುಗಿಯುತ್ತಿದ್ದ 1865ರಲ್ಲಿ, ಗಾಯದಿಂದಲೋ ರೋಗದಿಂದಲೋ ಸೈನ್ಯವನ್ನು ಬಿಟ್ಟವರಿಗೆ ನೇಮಕದಲ್ಲಿ ಆದ್ಯತೆಯಿರಬೇಕೆಂದು ಕಾಂಗ್ರೆಸ್ಸು ನಿರ್ಣಯಿಸಿತು. 1876ರಲ್ಲಿ, ನೌಕರರ ಸಂಖ್ಯೆಯನ್ನು ತಗ್ಗಿಸುವಾಗ ಸಮಾನ ಅರ್ಹತೆಯುಳ್ಳವರ ನಡುವೆ ಮಾಜಿ ಸೈನಿಕರನ್ನೂ, ಮಡಿದ ಸೈನಿಕರ ವಿಧವೆಯರನ್ನೂ ಅನಾಥ ಮಕ್ಕಳನ್ನೂ ಉಳಿಸಿಕೊಳ್ಳತಕ್ಕದ್ದೆಂಬ ಕಟ್ಟಳೆ ಬಂದಿತು. ಹೀಗೆ ಬಿಡಿಬಿಡಿಯಾಗಿ ಬೆಳೆದುಬಂದುದನ್ನೆಲ್ಲ ಒಂದುಗೂಡಿಸಿದ್ದು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು 1944ರ ಜೂನ್ 27ರಂದು ಅಂಕಿತ ಹಾಕಿದ ಮಾಜಿ ಸೈನಿಕರ ಆದ್ಯತಾ ಶಾಸನ.

ಅದರ ಜೀವಾಳವು 14ನೆಯ ಪ್ರಕರಣದಲ್ಲಿತ್ತು. ಸೇವೆಯ ದಕ್ಷತೆಗೆ ಪೋಷಕವಾದ ಕಾರಣವಿದ್ದಲ್ಲದೆ ಆದ್ಯತೆಗೆ ಅರ್ಹನಾದ ನೌಕರನನ್ನು ವಜಾ ಮಾಡಕೂಡದು, 30 ದಿನಗಳಿಗೆ ಮೀರಿ ಅಮಾನತಿನಲ್ಲಿಡಕೂಡದು, ಅವನ ದರ್ಜೆಯನ್ನಾಗಲಿ ಸಂಬಳವನ್ನಾಗಲಿ ತಗ್ಗಿಸಕೂಡದು ಎಂದು ಅದು ವಿಧಿಸಿತ್ತು. ಕಾರಣಗಳನ್ನು ಸ್ಪಷ್ಟವಾಗಿ ನಮೂದಿಸಿದ ನೋಟೀಸು 30 ದಿನ ಮುಂಚಿತವಾಗಿ ಅವನ ಕೈಸೇರಬೇಕಾಗಿತ್ತು. ಅವನು ಖುದ್ದಾಗಿಯೂ ಬರಹದಲ್ಲಿಯೂ ಉತ್ತರ ಕೊಡಬಹುದಾಗಿತ್ತು, ಸಿವಿಲ್ ಸರ್ವಿಸ್ ಕಮಿಷನ್ನಿಗೆ ಅಪೀಲು ಹೋಗಬಹುದಾಗಿತ್ತು. 1912ರ ಲಾಯ್ಡ್-ಲಾಫಾಲೆಟ್ ಶಾಸನವು ಇತರ ನೌಕರರಿಗೂ ನೋಟೀಸು ಮತ್ತು ಉತ್ತರಗಳ ಹಕ್ಕನ್ನು ಕೊಟ್ಟಿತ್ತಾದರೂ, ಇಲಾಖೆಯ ಹೊರಗಣ ಅಪೀಲನ್ನು ಕೊಟ್ಟಿರಲಿಲ್ಲ. ಆಪಾದಿಸಿದವನೇ ತೀರ್ಪುಗಾರನಾದಲ್ಲಿ ನೋಟೀಸಿನಿಂದ ಬರುವ ಸಾಂತ್ವನ ಎಷ್ಟರದೆಂಬುದನ್ನು ಕಚೇರಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಹೊರಗಣ ಅಪೀಲಿನ ಈ ಹಕ್ಕಿನ ಮೌಲ್ಯವನ್ನು ತೋರಿದ್ದು ಕೋಲ್ ಪ್ರಕರಣ. ನ್ಯೂಯಾರ್ಕಿನಲ್ಲಿ ಆಹಾರ ಮತ್ತು ಔಷಧಗಳ ಇನ್ಸ್‌ಪೆಕ್ಟರಾಗಿದ್ದ, ಆದ್ಯತೆಗೆ ಅರ್ಹನಾದ ಕೆಂಡ್ರಿಕ್ ಕೋಲ್ ಎಂಬಾತನನ್ನು, ಕಮ್ಯೂನಿಸ್ಟರೆಂದು ಹೇಳಲಾದವರ ಸಹವಾಸವಿದೆಯೆಂದೂ ನೇಚರ್ ಫ್ರೆಂಡ್ಸ್ ಆಫ್ ಅಮೆರಿಕ ಎಂಬ ಸಂಘಕ್ಕೆ ಹಣ ಮತ್ತು ಶ್ರಮವನ್ನು ಸಲ್ಲಿಸಿದನೆಂದೂ ಆಪಾದಿಸಿ, 1953ರ ನವೆಂಬರಿನಲ್ಲಿ ಅಮಾನತುಗೊಳಿಸಿ ಅನಂತರ ವಜಾ ಮಾಡಲಾಯಿತು. ರಾಷ್ಟ್ರದ ಸುರಕ್ಷತೆಯ ಹೆಸರಿನಲ್ಲಿ ತೆಗೆದುಹಾಕಿದವನಿಗೆ ಅಪೀಲು ಸಲ್ಲದೆಂದು ಕಮಿಷನ್ನು ಬಾಗಿಲು ಮುಚ್ಚಿತು. ಔಷಧಗಳನ್ನು ಪರೀಕ್ಷಿಸುವವನ ಕೈಯಲ್ಲಿ ರಾಷ್ಟ್ರದ ಯಾವ ರಹಸ್ಯವಿದ್ದೀತು? 1956ರಲ್ಲಿ ಸುಪ್ರೀಂ ಕೋರ್ಟು, ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ ಹುದ್ದೆಗಳಲ್ಲಿರುವವರಿಗೆ ಮಾತ್ರ ಅಪೀಲಿಲ್ಲದೆ ವಜಾ ಮಾಡುವ ಆ ಅಸಾಧಾರಣ ಕ್ರಮವು ಅನ್ವಯಿಸುವುದೆಂದೂ, ಕೋಲನ ಹುದ್ದೆಯ ವಿಷಯದಲ್ಲಿ ಅಂಥ ನಿರ್ಧಾರವನ್ನೇ ಮಾಡದಿದ್ದುದರಿಂದ ಅವನ ವಜಾ ಆದ್ಯತಾ ಶಾಸನದ ಉಲ್ಲಂಘನೆಯೆಂದೂ ತೀರ್ಮಾನಿಸಿತು. ಸಂದೇಹವೇ ಸಾಕ್ಷ್ಯವಾಗಿದ್ದ ಆ ಕಾಲದಲ್ಲಿ ಸೈನಿಕನಲ್ಲದವನೊಬ್ಬನಿಗೆ ಈ ಆಸರೆ ಇರಲಿಲ್ಲ.

ನೌಕರರ ಕಡಿತದಲ್ಲಿ ಮಾತ್ರ ಇದೇ ರಕ್ಷಣೆಯು ಇತರರಿಗೆ ಕಠೋರವಾಗಿ ಪರಿಣಮಿಸಿತು. ಬಾಸ್ಟನ್ನಿನ ನೌಕಾಂಗಣದಲ್ಲಿ ದೀರ್ಘಕಾಲ ದುಡಿದವನೊಬ್ಬನನ್ನು ಕೈಬಿಟ್ಟು, ಅವನಿಗಿಂತ ಕಡಮೆ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು ಉಳಿಸಿಕೊಂಡುದನ್ನು 1948ರಲ್ಲಿ ಸುಪ್ರೀಂ ಕೋರ್ಟು ಹಿಲ್ಟನ್ ಪ್ರಕರಣದಲ್ಲಿ ಎತ್ತಿಹಿಡಿಯಿತು.

1962ರ ಜನವರಿಯಲ್ಲಿ ಅಧ್ಯಕ್ಷ ಕೆನಡಿಯವರು 14ನೆಯ ಪ್ರಕರಣದ ಹಕ್ಕುಗಳನ್ನು ಸ್ಪರ್ಧಾತ್ಮಕ ಸೇವೆಯ ಇತರ ನೌಕರರಿಗೂ ಆಜ್ಞೆಯ ಮೂಲಕ ವಿಸ್ತರಿಸಿದರು. ಒಂದು ವರ್ಗದ ವಿಶೇಷಾಧಿಕಾರವು ಹೀಗೆ ಸಾಮಾನ್ಯ ನ್ಯಾಯವಾಯಿತು. ಭಾರತದಲ್ಲಿ ಈ ಕ್ರಮ ಬೇರೆ: ಮಾಜಿ ಸೈನಿಕರಿಗೆ ಮೀಸಲಾತಿಯೂ ವಯೋಮಿತಿಯ ಸಡಿಲಿಕೆಯೂ ನೇಮಕದ ಹಂತದಲ್ಲಿವೆ, ವಜಾದ ವಿರುದ್ಧ ಸಂವಿಧಾನದ 311ನೆಯ ಅನುಚ್ಛೇದವು ನಾಗರಿಕ ಹುದ್ದೆಯಲ್ಲಿರುವವರಿಗೆಲ್ಲ ಮೊದಲಿನಿಂದಲೂ ಒಂದೇ.

1978ರ ನಾಗರಿಕ ಸೇವಾ ಸುಧಾರಣಾ ಶಾಸನವು ಕಮಿಷನ್ನನ್ನು ವಿಸರ್ಜಿಸಿ ಅಪೀಲುಗಳನ್ನು ಅರ್ಹತಾ ವ್ಯವಸ್ಥೆಯ ರಕ್ಷಣಾ ಮಂಡಲಿಗೆ ವಹಿಸಿತು. ಮಾಜಿ ಸೈನಿಕರ ಆಧಿಕ್ಯವು ಈಗ ಕೆಲವೆಡೆ ಮಾತ್ರ ಉಳಿದಿದೆ: ಸ್ಪರ್ಧಾತ್ಮಕ ಪದ್ಧತಿಯ ಹೊರಗಿನ ಹುದ್ದೆಗಳಲ್ಲಿ ಇತರರು ಸಾಮಾನ್ಯವಾಗಿ ಎರಡು ವರ್ಷಕ್ಕೆ ಪಡೆಯುವ ಅಪೀಲಿನ ಹಕ್ಕನ್ನು ಇವರು ಒಂದು ವರ್ಷಕ್ಕೇ ಪಡೆಯುತ್ತಾರೆ, ಅಂಚೆಯ ಸಾಮಾನ್ಯ ನೌಕರರಿಗಿಲ್ಲದ ಮಂಡಲಿಯ ಅಪೀಲು ಇವರಿಗುಂಟು, ಕಡಿತದ ಕಾಲದಲ್ಲಿ, ಶೇಕಡ 30 ಅಥವಾ ಅದಕ್ಕೂ ಮೇಲ್ಪಟ್ಟು ಅಂಗವೈಕಲ್ಯವುಳ್ಳವರು ಉಳಿದ ಮಾಜಿ ಸೈನಿಕರಿಗಿಂತಲೂ ಮುಂದಿರುತ್ತಾರೆ. 2017ರ ಶಾಸನವೊಂದು ಮಾಜಿ ಸೈನಿಕರ ವ್ಯವಹಾರ ಇಲಾಖೆಯ ನೌಕರರನ್ನು ವಜಾ ಮಾಡುವುದನ್ನು ಸುಲಭಗೊಳಿಸಿತು. ಅವರಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರಾದರೂ ಅವರಿಗೆಂದು ಯಾವ ವಿನಾಯಿತಿಯನ್ನೂ ಅದು ಇಡಲಿಲ್ಲ.